ಮೂರನೇ ಕ್ವಾರ್ಟರಿನಲ್ಲಿ ಇಲ್ಲದ ದನಿ

“ಇನ್ನೂ ಸ್ವಲ್ಪ ಜೋರು ಮಾಡಿ,” ಎಂದಳು ಓಡೆಟ್ ಪ್ರುಯಿಟ್.

ಕಾಲೇಜು ಬ್ಯಾಂಡಿನ ಮೇಡಂ ಇಮೋಜೀನ್ ಫಾಲ್ಕ್ ಗುಂಡಿ ತಿರುಗಿಸಿದರು. ಗೋಡೆಗೆ ಒರಗಿಸಿದ್ದ ಕಹಳೆಗಳ ನಡುವಿನಿಂದ ಹಳೆಯ ಸ್ಪೀಕರು ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು.

ಪರದೆಯ ಮೇಲೆ ನವೆಂಬರ್ ಎಂಟರ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಇದು ತರಬೇತುದಾರರು ತೆಗೆಸಿದ ಚಿತ್ರವಲ್ಲ. ಯಾವ ತುತ್ತೂರಿ ಎಲ್ಲಿ ತಪ್ಪಿತು ಎಂದು ಆಮೇಲೆ ಹುಡುಗರ ಕಿವಿ ಹಿಂಡಲು ಇಮೋಜೀನ್ ತಾವೇ ಗೋಲುಗಂಬದ ಹಿಂದಿನ ಅಟ್ಟಣೆಯಿಂದ ತೆಗೆದದ್ದು. ಮುಂದೆ ನೂರೆಂಬತ್ತು ಜನರ ಬ್ಯಾಂಡು, ಅದರಾಚೆ ಇಡೀ ಮೈದಾನ.

‘ಟೆವಿನ್ ಬ್ರಾಡಾಕನನ್ನು ಆರಿಸುವ ಮುಂಚೆ ನವೆಂಬರ್ ಎಂಟರ ಮೂರನೇ ಕ್ವಾರ್ಟರ್ ಸರಿಯಾಗಿ ನೋಡಿ’ ಎಂಬ ಹೆಸರಿಲ್ಲದ ಕಾಗದ ಡ್ರೇಕ್‌ಪೋರ್ಟ್ ವೃತ್ತಿಪರ ತಂಡದ ಕಚೇರಿಗೆ ಬಂದು ಆರು ದಿನವಾಗಿತ್ತು. ಆ ಆರು ದಿನವೂ ಓಡೆಟ್ ಸರಿಯಾಗಿಯೇ ನೋಡಿದ್ದಳು. ಪಂದ್ಯದ ಆ ಕಾಲುಭಾಗದಲ್ಲಿ ಚೆಂಡು ಹನ್ನೊಂದು ಸಲ ಆಟಕ್ಕಿಳಿದಿತ್ತು, ಮೂರು ಬಾರಿ ಎಸೆತ ಎದುರಾಳಿಯ ಕೈಗೆ ಹೋಗಿತ್ತು. ತಂಡದ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕುಗಳಲ್ಲಿ ದೇಶದ ಎಲ್ಲ ಕಾಲೇಜುಗಳಿಗೂ ಮೊದಲನೆಯವನು ಎಂದು ಎಲ್ಲರೂ ಒಪ್ಪಿದ ಹುಡುಗ, ಆ ಹದಿನೈದು ನಿಮಿಷ ಮಾತ್ರ ಎತ್ತ ಎಸೆಯಬೇಕೆಂದು ತಿಳಿಯದವನ ಹಾಗೆ ಆಡಿದ್ದ.

“ಅವತ್ತು ಗಾಳಿ ಇತ್ತು,” ಎಂದ ವೆಂಡೆಲ್ ಗ್ರೋವ್. ಇದನ್ನು ಅವನು ಹೇಳಿದ್ದು ಆ ಬೆಳಗ್ಗೆಯೇ ನಾಲ್ಕನೇ ಸಲ.

ವೆಂಡೆಲ್ ಡ್ರೇಕ್‌ಪೋರ್ಟಿನ ಸ್ಕೌಟು. ಕಾಲೇಜಿನಿಂದ ಕಾಲೇಜಿಗೆ ಕಾರು ಓಡಿಸಿಕೊಂಡು ಹುಡುಗರನ್ನು ಅಳೆದು ತೂಗುವುದರಲ್ಲೇ ಮೂವತ್ನಾಲ್ಕು ವರ್ಷ ಸವೆಸಿದವನು. ಟೆವಿನ್‌ಗೆ ಅವನು ಕೊಟ್ಟ ಅಂಕ ಏಳೂ ನಾಲ್ಕು, ಅಂದರೆ ಏಳು ದಶಾಂಶ ನಾಲ್ಕು. ಅಷ್ಟನ್ನು ಅವನು ತನ್ನ ಜನ್ಮದಲ್ಲಿ ಇನ್ನೊಬ್ಬನಿಗೆ ಕೊಟ್ಟಿರಲಿಲ್ಲ.

ಓಡೆಟ್‌ಳದು ಅದೇ ತಂಡದಲ್ಲಿ ಬೇರೆ ಕೆಲಸ. ಇಪ್ಪತ್ತೆರಡು ವರ್ಷ ಪೊಲೀಸು ಇಲಾಖೆಯಲ್ಲಿ ಕಳ್ಳರ ಹಿಂದೆ ತಿರುಗಿದವಳು, ಈಗ ಅದೇ ಕಾಲಲ್ಲಿ ಹುಡುಗರ ಪೂರ್ವೋತ್ತರ ತಿಳಿಯಲು ತಿರುಗುತ್ತಾಳೆ. ಸಂಬಳ ಹೆಚ್ಚು, ಓಟ ಅಷ್ಟೇ. ಕುತೂಹಲವೆಂಬುದು ಅವಳಿಗೆ ನಶ್ಯದ ಚಟವಿದ್ದ ಹಾಗೆ, ಒಂದು ಚಿಟಿಕೆ ಏರಿದರೆ ಸೀನು ಬರುವ ತನಕ ನೆಮ್ಮದಿಯಿಲ್ಲ.

“ಗಾಳಿ ಇದ್ದಿದ್ರೆ ಆ ಬಾವುಟ ಯಾಕೆ ಒದ್ದೆ ಟವಲ್ ಹಾಗೆ ಜೋತುಬಿದ್ದಿದೆ?” ಎಂದಳು, ಪರದೆಯ ಮೂಲೆಗೆ ಬೆರಳಿಟ್ಟು.

ವೆಂಡೆಲ್ ಬಾವುಟ ನೋಡಿ ಕನ್ನಡಕ ಒರೆಸಿಕೊಂಡ.

ಪರದೆಯಲ್ಲಿ ಎರಡನೇ ಕ್ವಾರ್ಟರು ನಡೆದಿತ್ತು. ಬ್ಯಾಂಡು ಭೋರ್ಗರೆಯುತ್ತಿದ್ದದ್ದು ಒಮ್ಮೆಲೇ ನಿಂತುಹೋಯಿತು. ಆಟಗಾರರು ಚೆಂಡಿನ ಮುಂದೆ ಬಗ್ಗಿ ನಿಂತರೆಂದರೆ ಬ್ಯಾಂಡು ಉಸಿರೆತ್ತುವಂತಿಲ್ಲ, ಅದು ನಿಯಮ. ಊರಿನ ಜನವೂ ಅಷ್ಟೇ. ತಮ್ಮ ಹುಡುಗರ ಕೈಯಲ್ಲಿ ಚೆಂಡಿದ್ದಾಗ ಬಾಯಿಗೆ ಬೀಗ, ಎದುರಾಳಿಯ ಕೈಗೆ ಹೋದರೆ ಕಿವಿ ಹರಿಯುವಂಥ ಗದ್ದಲ.

ಟೆವಿನ್ ನಡೆದು ಮುಂದೆ ಬಂದ. ಚೆಂಡಿನ ಮೇಲೆ ಬಗ್ಗಿದ್ದ ಸೆಂಟರ್ ಆಟಗಾರನ ಬೆನ್ನ ಮೇಲೆ ಒಂದು ಗಳಿಗೆ ಕೈಯಿಟ್ಟ. ಮತ್ತೆ ಐದು ಹೆಜ್ಜೆ ಹಿಂದೆ ಹೋಗಿ ನಿಂತ.

ಆಗ ಆ ನಿಶ್ಶಬ್ದದೊಳಗಿಂದ ಗೂಳಿಯ ಗುಟುರಿನಂಥ ದನಿ ಎದ್ದಿತು: “ಆಮೆ! ಆಮೆ! ಎಡ ಎರಡು! ಆಮೆ!”

ಸೆಂಟರಿನ ಕಾಲ ನಡುವಿನಿಂದ ಚೆಂಡು ಹಿಂದಕ್ಕೆ ಹೋಯಿತು, ಟೆವಿನ್ ಎಸೆದ, ಯಾರೂ ಕಾಯದ ಜಾಗಕ್ಕೆ ಓಡಿಬಂದ ಸಂಗಡಿಗ ಅದನ್ನು ಹಿಡಿದ. ಬ್ಯಾಂಡು ಮತ್ತೆ ಭೋರ್ಗರೆಯಿತು.

“ಇದು!” ಓಡೆಟ್ ಕುರ್ಚಿಯ ತುದಿಗೆ ಬಂದಳು. “ವೆಂಡೆಲ್, ಇದನ್ನ ನೀವು ಯಾವತ್ತಾದ್ರೂ ಕೇಳಿದ್ರಾ?”

“ಕೇಳೋಕೇನಿದೆ? ನಮ್ಮ ಚಿತ್ರಕ್ಕೆ ದನಿನೇ ಇರಲ್ಲ. ಚೆಂಡು ಅಲ್ಲಾಡೋ ಎರಡು ಸೆಕೆಂಡ್ ಮುಂಚೆ ಶುರು, ಸೀಟಿ ಊದಿದ ತಕ್ಷಣ ಕತ್ತರಿ. ಮಧ್ಯದ್ದೆಲ್ಲ ಕಸ.”

“ಮೂವತ್ನಾಲ್ಕು ವರ್ಷದಿಂದ ಮೂಕಿ ಸಿನಿಮಾ ನೋಡ್ಕೊಂಡು ಬಂದಿದ್ದೀರಾ?”

“ಮೂವತ್ತೆರಡು ತಂಡನೂ ಅದನ್ನೇ ನೋಡೋದು ತಾಯಿ. ಕೈಯಿ ನೋಡ್ತೀವಿ, ಕಾಲು ನೋಡ್ತೀವಿ. ಗಂಟಲು ನೋಡೋಕೆ ನಾವೇನು ಡಾಕ್ಟರಾ?”

ಓಡೆಟ್ ಮೂರನೇ ಕ್ವಾರ್ಟರಿಗೆ ಓಡಿಸಿದಳು. ಬ್ಯಾಂಡು ನಿಂತಿತು, ಜನ ಸುಮ್ಮನಾದರು. ಟೆವಿನ್ ಮುಂದೆ ಬಂದು ಸೆಂಟರಿನ ಬೆನ್ನ ಮೇಲೆ ಕೈಯಿಟ್ಟ, ಹಿಂದೆ ಹೋದ. ಯಾರೂ ಕೂಗಲಿಲ್ಲ. ಚೆಂಡು ಹೋಯಿತು, ಎಸೆತ ಹೋಯಿತು, ಎದುರಾಳಿ ಹಿಡಿದುಕೊಂಡ.

ಎರಡನೇ ಸಲ, ಮೂರನೇ ಸಲ, ಹನ್ನೊಂದರಲ್ಲೂ ಕೂಗಿಲ್ಲ. ಮೈದಾನ ಸ್ಮಶಾನದಷ್ಟು ಮೌನ. ನಾಲ್ಕನೇ ಕ್ವಾರ್ಟರು ಶುರುವಾದದ್ದೇ ತಡ, “ಆಮೆ! ಆಮೆ!” ಎಂದು ಗೂಳಿ ಮರಳಿ ಬಂತು. ಸೋಲುತ್ತಿದ್ದ ತಂಡ ಗೆದ್ದಿತು. ಅದನ್ನು ಕಂಡು ‘ಬಿದ್ದು ಏಳುವ ಗುಂಡಿಗೆ’ ಎಂದು ಸ್ಕೌಟುಗಳೆಲ್ಲ ಬರೆದುಕೊಂಡಿದ್ದರು.

“ಟೆವಿನ್ ಆ ಹೊತ್ತಲ್ಲಿ ಯಾಕೆ ಬಾಯಿ ಮುಚ್ಕೊಂಡ?” ಎಂದು ಓಡೆಟ್ ತನ್ನನ್ನೇ ಕೇಳಿಕೊಂಡಳು.

“ಅದು ಟೆವಿನ್ ದನಿ ಯಾಕಾಗತ್ತೆ?” ಎಂದರು ಇಮೋಜೀನ್. ಇಷ್ಟು ಹೊತ್ತೂ ತಮ್ಮ ಕಹಳೆಯವರ ತಪ್ಪನ್ನೇ ಎಣಿಸುತ್ತಿದ್ದ ಹೆಂಗಸು ಅವರು. “ಆ ದನಿ ನನಗೆ ಗೊತ್ತಿಲ್ವಾ? ಎರಡು ವರ್ಷ ನನ್ನ ಗಾಯನ ತರಗತೀಲಿ ಹಿಂದಿನ ಸಾಲಲ್ಲಿ ನಿಂತು ಕೆಳಗಿನ ಸ್ವರ ಹಾಡಿದ್ದಾನೆ. ಕಿಟಕಿ ಗಾಜು ನಡುಗ್ತಿತ್ತು. ಅದು ಮಿಲೋ ಹ್ರಡೆಕ್. ಆ ಬಗ್ಗಿರೋನು, ಅರವತ್ತೊಂದನೇ ನಂಬರು.”

ಓಡೆಟ್ ಮೂರನೇ ಕ್ವಾರ್ಟರಿಗೆ ವಾಪಸು ಹೋಗಿ ಪರದೆಗೆ ಮೂಗು ತಾಗಿಸಿದಳು. ಅಲ್ಲಿ ಬಗ್ಗಿದ್ದವನ ಬೆನ್ನ ಮೇಲೆ ಅರವತ್ತೇಳು ಎಂದಿತ್ತು.

“ಸೆಂಟರ್ ಬದಲಾಗಿದ್ದ,” ಎಂದಳು. “ವೆಂಡೆಲ್, ನಿಮ್ಮ ವರದೀಲಿ ಇದು ಯಾಕಿಲ್ಲ?”

“ಅವನ ಕಣಕಾಲು ಉಳುಕಿತ್ತು, ಪಟ್ಟಿ ಸುತ್ತಿಸಿಕೊಂಡು ಬಂದ. ನಾನು ನೋಡೋಕೆ ಹೋದದ್ದು ಕ್ವಾರ್ಟರ್‌ಬ್ಯಾಕನ್ನ. ಮದುವೆಗೆ ಹೋದೋರು ಗಂಡನ್ನ ನೋಡ್ತಾರೆ, ಅಡುಗೆಯವನ ಕಾಲು ನೋಡ್ತಾರಾ?”

ಉತ್ತರ ಚುರುಕಾಗಿಯೇ ಇತ್ತು. ಆದರೆ ಮುದುಕನ ಕಿವಿ ಕೆಂಪಗಾಗಿದ್ದನ್ನು ಓಡೆಟ್ ಗಮನಿಸದೆ ಇರಲಿಲ್ಲ.

*

ಬ್ರೆನ್ನೆಕ್ ಅಷ್ಟೇನೂ ದೊಡ್ಡ ಊರಲ್ಲ. ಕಾಲೇಜಿನಿಂದ ಹ್ರಡೆಕ್ ಮನೆತನದ ಬೇಕರಿಗೆ ಹನ್ನೆರಡು ನಿಮಿಷದ ದಾರಿ. ವೆಂಡೆಲ್ ಸೂರ್ಯಕಾಂತಿ ಬೀಜ ಕಡಿಯುತ್ತ, ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತ ಕಾರು ಓಡಿಸಿದ.

ದಾರಿಯಲ್ಲೇ ಮ್ಯಾನೇಜರ್ ಹೋಬಾರ್ಟ್‌ನ ಫೋನು ಬಂತು. “ಐದು ಗಂಟೆಗೆ ಹಲಗೆ ಮುಚ್ತೀನಿ ಪ್ರುಯಿಟ್. ಹುಡುಗನ ಕಾರ್ಡು ಮೇಲೆ ಇರ್ಲೋ, ಇಳಿಸ್ಲೋ? ನಾಡಿದ್ದು ಗುರುವಾರ ಡ್ರಾಫ್ಟು. ಮೊದಲ ಹೆಸರು ನಾವೇ ಕರೀಬೇಕು. ನಿನ್ನ ಬಾಯಿಂದ ಒಂದು ಮಾತು ಬೇಕು.”

“ಬರತ್ತೆ,” ಎಂದು ಇಟ್ಟಳು.

ಡ್ರಾಫ್ಟೆಂದರೆ ಮೂವತ್ತೆರಡು ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ. ಅದಕ್ಕೆಂದೇ ಡ್ರೇಕ್‌ಪೋರ್ಟಿನ ಕಚೇರಿಯ ಒಂದು ಕೋಣೆಯಲ್ಲಿ ಗೋಡೆಯುದ್ದದ ಹಲಗೆ ಇತ್ತು, ಒಬ್ಬೊಬ್ಬ ಹುಡುಗನಿಗೆ ಒಂದೊಂದು ಕಾರ್ಡು. ಮಂಡಿ ನೋವಿದ್ದರೆ ಕೆಂಪು ಚುಕ್ಕಿ. ನಂಬಬಾರದವನೆಂದು ಓಡೆಟ್ ಹೇಳಿದರೆ ಕಪ್ಪು ಚುಕ್ಕಿ. ಕಪ್ಪು ಬಿದ್ದ ಕಾರ್ಡು ಹಲಗೆಯಿಂದ ಕೆಳಗೆ. ಕೋಣೆಗೆ ಬೀಗವಿದ್ದರೂ ಸುದ್ದಿಗೆ ಬೀಗವಿಲ್ಲ, ಸಂಜೆಯೊಳಗೆ ಉಳಿದ ಮೂವತ್ತೊಂದು ತಂಡಕ್ಕೂ ತಿಳಿಯುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅವರು.

ಮೂರು ವರ್ಷದ ಹಿಂದೆ ಓಡೆಟ್‌ಳ ಮಾತಿನ ಮೇಲೆ ಒಬ್ಬ ಹುಡುಗನಿಗೆ ಕಪ್ಪು ಬಿದ್ದಿತ್ತು. ಅವನ ಮೇಲಿನ ದೂರು ಶುದ್ಧ ಸುಳ್ಳೆಂದು ಗೊತ್ತಾಗುವಷ್ಟರಲ್ಲಿ ಅವನನ್ನು ಕೇಳುವವರೇ ಇರಲಿಲ್ಲ. ಈಗ ಎಲ್ಲೋ ಟೈರು ಬದಲಿಸಿಕೊಂಡಿದ್ದಾನೆ. ಓಡೆಟ್ ಅದನ್ನು ಯಾರ ಮುಂದೆಯೂ ಆಡುವುದಿಲ್ಲ. ಆದರೆ ಗ್ಯಾರೇಜಿನ ಮುಂದೆ ಹಾಯುವಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತದೆ.

“ನೀನೇನು ಅಂದ್ಕೊಂಡಿದ್ದೀಯ, ಹೇಳಿಬಿಡು,” ಎಂದ ವೆಂಡೆಲ್.

“ಎದುರಾಳಿ ಹೇಗೆ ನಿಂತಿದ್ದಾನೆ ಅಂತ ಓದೋನು ಮಿಲೋ. ಎಲ್ಲಿ ಎಸೀಬೇಕು ಅಂತ ಕೂಗೋನು ಮಿಲೋ. ಟೆವಿನ್ ಬರೀ ತೋಳು. ತಲೆ ಆ ಕಡೆ, ತೋಳು ಈ ಕಡೆ. ತಲೆ ಹದಿನೈದು ನಿಮಿಷ ಆಚೆ ಹೋಯ್ತು, ತೋಳಿಗೆ ದಾರಿ ತಪ್ಪಿತು.”

“ಹಾಗಿದ್ರೆ?”

“ಹಾಗಿದ್ರೆ ನಾವು ಮೊದಲನೇ ಸರದೀಲಿ ಅರ್ಧ ಮನುಷ್ಯನ್ನ ತಗೊಳ್ತಿದ್ದೀವಿ. ಅದನ್ನ ಮುಚ್ಚಿಟ್ಟಿದ್ರೆ ನಂಬಿಕೆದ್ರೋಹ. ಕಪ್ಪು ಚುಕ್ಕಿ.”

ವೆಂಡೆಲ್ ಬಾಯಿಯಲ್ಲಿದ್ದ ಬೀಜವನ್ನು ಕಡಿಯದೆ ಹಾಗೇ ಉಗಿದ. “ಅಂಗಡಿಗೆ ನಾನೂ ಬರ್ಲಾ, ಕಾರಲ್ಲೇ ಇರ್ಲಾ?”

“ಬನ್ನಿ. ಏಳೂ ನಾಲ್ಕು ಕೊಟ್ಟೋರು ನೀವು. ಹೇಗಿದ್ದಾನೆ ಅಂತ ಪೂರ್ತಿ ನೋಡಿ.”

*

ಹ್ರಡೆಕ್ ಬೇಕರಿಯ ಬಾಗಿಲು ತೆಗೆದರೆ ಬೆಣ್ಣೆಯ ಪರಿಮಳ ಮುಖಕ್ಕೆ ಬಡಿಯಿತು. ಒಳಗೆ ಮೇಜಿನ ಮುಂದೆ, ಏಪ್ರನ್ನು ಸಾಲದೆ ಎರಡು ಕಟ್ಟಿಕೊಂಡ ಭಾರಿ ಆಳೊಬ್ಬ ಹಿಟ್ಟು ನಾದುತ್ತಿದ್ದ. ಅವನ ಅಂಗೈಯಡಿ ಸಿಕ್ಕ ಹಿಟ್ಟಿಗೆ ಬೇರೆ ಗತಿಯಿರಲಿಲ್ಲ.

“ಪತ್ರಿಕೆಯವ್ರಾ?” ಎಂದ, ತಲೆಯೆತ್ತದೆ. “ಏಪ್ರಿಕಾಟ್ ಕೊಲಾಚಿ ಬನ್ನು ಮುಗೀತು. ಗಸಗಸೆ ಹೂರಣದ್ದು ಇದೆ.”

“ಡ್ರೇಕ್‌ಪೋರ್ಟಿಂದ,” ಎಂದಳು ಓಡೆಟ್.

“ಓಹೋ. ಹಾಗಾದ್ರೆ ಗಸಗಸೆದೂ ಮುಗೀತು.”

ದನಿ ಅದೇ. ಗಾಜಿನ ಕಪಾಟು ನಿಜಕ್ಕೂ ಸಣ್ಣಗೆ ಅದುರಿತು. ಓಡೆಟ್‌ಗೆ ನಗು ಬಂತು, ತಡೆದುಕೊಂಡಳು. ವೆಂಡೆಲ್ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತ.

“ಮಿಲೋ, ಒಂದೇ ಒಂದು ಪ್ರಶ್ನೆ. ಆಮೆ ಅಂದ್ರೇನು?”

ನಾದುತ್ತಿದ್ದ ಕೈ ನಿಂತಿತು.

“ನೀರಲ್ಲೂ ಇರತ್ತೆ, ನೆಲದಲ್ಲೂ ಇರತ್ತೆ,” ಎಂದ ಮಿಲೋ. “ಬೆನ್ನ ಮೇಲೆ ಚಿಪ್ಪು.”

“ನವೆಂಬರ್ ಎಂಟರ ಮೂರನೇ ಕ್ವಾರ್ಟರಲ್ಲಿ ಆಮೆ ಎಲ್ಲಿಗೆ ಹೋಗಿತ್ತು?”

“ನನ್ನ ಕಣಕಾಲಿಗೆ ಪಟ್ಟಿ ಸುತ್ತಿಸೋಕೆ ಹೋಗಿತ್ತು. ಮೇಡಂ, ಸೆಂಟರ್ ಕೂಗೋದು ಹೊಸದಲ್ಲ. ಯಾರು ಯಾರನ್ನ ತಡೀಬೇಕು ಅಂತ ಎಲ್ಲಾ ಕಡೆ ಸೆಂಟರೇ ಹೇಳೋದು. ಆ ಸರ್‌ನ ಕೇಳಿ.”

“ತಡೆಯೋದು ಹೇಳ್ತಾನೆ, ಸರಿ. ಚೆಂಡು ಹಿಡಿಯೋ ಹುಡುಗರ ಓಟ ಬದಲಾಯ್ಸೋದು ಅವನ ಕೆಲಸ ಅಲ್ಲ. ನೀನು ಆಮೆ ಅಂದಾಗೆಲ್ಲ ಅವರ ದಾರಿ ಬದಲಾಗಿದೆ. ಹದಿನಾಲ್ಕು ಸಲ ನೋಡಿದೆ.”

ಮಿಲೋ ಹಿಟ್ಟನ್ನು ಎತ್ತಿ ಮೇಜಿಗೆ ಅಪ್ಪಳಿಸಿದ. “ನೀವು ಮನೆಗೆ ಹೋಗಿ ಮೇಡಂ. ಅವನು ಮೂರು ವರ್ಷ ಗೆಲ್ಸಿದ್ದಾನೆ. ಅಷ್ಟು ಸಾಕಲ್ವಾ ನಿಮಗೆ?”

“ಅವನು ಗೆಲ್ಸಿದ್ನಾ, ನೀನಾ?” ಓಡೆಟ್ ಮೇಜಿನ ಹತ್ತಿರ ಹೋದಳು. ಇಂಥ ಹೊತ್ತಿನಲ್ಲಿ ಆಳನ್ನು ಕೆಣಕಬೇಕು, ಮುದ್ದಿಸಬಾರದು ಎಂದು ಇಪ್ಪತ್ತೆರಡು ವರ್ಷ ಅವಳಿಗೆ ಕಲಿಸಿತ್ತು. “ನಾನು ನಮ್ಮ ಮ್ಯಾನೇಜರಿಗೆ ಏನು ಹೇಳ್ತೀನಿ ಕೇಳಿಸ್ಕೋ. ಟೆವಿನ್ ಬ್ರಾಡಾಕ್‌ಗೆ ಎದುರಾಳೀನ ಓದೋಕೆ ಬರಲ್ಲ. ಅವನ ತಲೆ ಖಾಲಿ. ಓದ್ತಿದ್ದೋನು ಸೆಂಟರು, ಇವನು ಹೇಳಿದ ಕಡೆ ಎಸೆಯೋ ಯಂತ್ರ. ಇದನ್ನ ಮೂರು ವರ್ಷ ಕಾಲೇಜೆಲ್ಲ ಸೇರಿ ಮುಚ್ಚಿಟ್ಟಿದೆ. ಇದರಲ್ಲಿ ಒಂದು ಅಕ್ಷರ ತಪ್ಪಿದ್ರೆ ಈಗ ಹೇಳು.”

“ಪೂರ್ತಿ ತಪ್ಪು!” ಕಪಾಟಿನ ಗಾಜು ಈ ಸಲ ಚೆನ್ನಾಗಿಯೇ ಅದುರಿತು. “ತಲೆ ಖಾಲಿನಾ? ಅವನದಾ? ಸುಮ್ನೆ ಬಾಯಿಗೆ ಬಂದಿದ್ದು ಹೇಳ್ಬೇಡಿ!”

“ಸರಿ. ಹಾಗಾದ್ರೆ ತೋರ್ಸು.”

ಮಿಲೋ ಹಿಡಿ ತುಂಬ ಒಣಹಿಟ್ಟು ತೆಗೆದು ಮೇಜಿನ ಮೇಲೆ ಚೆಲ್ಲಿ ಸಮ ಮಾಡಿದ. ದಪ್ಪ ಬೆರಳಿನಿಂದ ಒಂದು ಗೆರೆ, ಅದರಾಚೆ ನಾಲ್ಕು ಗುಂಡಿ.

“ನೀವು ಇಷ್ಟು ಸಲ ನೋಡಿದ್ದೀರಲ್ಲ. ಮೂರನೇ ಕ್ವಾರ್ಟರ್, ಮೊದಲನೇ ತಪ್ಪು ಎಸೆತ. ಎದುರಾಳಿಗಳು ಎಲ್ಲಿದ್ರು?”

“ಇಲ್ಲಿ ಇಬ್ಬರು. ಇಲ್ಲೊಬ್ಬ.”

“ಖಾಲಿ ಜಾಗ ಎಲ್ಲಿತ್ತು?”

ಓಡೆಟ್ ಬೆರಳಿಟ್ಟಳು.

“ಚೆಂಡು ಎಲ್ಲಿಗೆ ಬಂತು?”

ಓಡೆಟ್ ಬೆರಳು ತೆಗೆಯಲಿಲ್ಲ. ಚೆಂಡು ಬಂದದ್ದು ಅಲ್ಲಿಗೇ. ಎಡಗಡೆ, ಹದಿನೆಂಟು ಗಜ ದೂರ, ಕರಾರುವಾಕ್ಕಾಗಿ ಆ ಖಾಲಿ ಜಾಗಕ್ಕೆ. ಹಿಡಿಯಬೇಕಾದ ಸಂಗಡಿಗ ಮಾತ್ರ ಇನ್ನೆಲ್ಲೋ ಓಡುತ್ತಿದ್ದ. ಎದುರಾಳಿ ನಿಧಾನಕ್ಕೆ ಅಲ್ಲಿಗೆ ಬಂದು, ಮರದಿಂದ ಉದುರಿದ ಹಣ್ಣು ಹಿಡಿದ ಹಾಗೆ ಹಿಡಿದುಕೊಂಡಿದ್ದ.

“ಎರಡನೇದು?” ಮಿಲೋ ಹಿಟ್ಟನ್ನು ಅಳಿಸಿ ಮತ್ತೆ ಬರೆದ. ಅದೂ ಹಾಗೆಯೇ. ಮೂರನೆಯದೂ.

“ಅವನು ಒಂದನ್ನೂ ತಪ್ಪು ಓದಿಲ್ಲ ಮೇಡಂ. ಮೂರೂ ಸರಿ. ದಾರಿ ಬದಲಾಯ್ತು ಅಂತ ಹುಡುಗರಿಗೆ ಯಾರೂ ಹೇಳ್ಲಿಲ್ಲ, ಅಷ್ಟೇ.”

ಓಡೆಟ್‌ಳ ತಲೆಯಲ್ಲಿ ಬ್ಯಾಂಡಿನ ಚಿತ್ರ ಮತ್ತೊಮ್ಮೆ ಓಡಿತು. ಟೆವಿನ್ ಮುಂದೆ ಬರುವುದು, ಬೆನ್ನ ಮೇಲೆ ಕೈಯಿಡುವುದು. ಅದನ್ನು ಅವಳು ಬರೀ ಅಕ್ಕರೆ ಅಂದುಕೊಂಡಿದ್ದಳು. ಕೈ ಮೊದಲು ಬರುತ್ತಿತ್ತು. ದನಿ ಬರುತ್ತಿದ್ದದ್ದು ಆಮೇಲೆ. ಬೆಳಗ್ಗೆ ಕಣ್ಣಾರೆ ನೋಡಿಯೂ ತಾನು ಅದನ್ನು ತಿರುಗಾಮುರುಗಾ ಮಾಡಿಕೊಂಡಿದ್ದೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಅವನು ನಿನ್ನ ಬೆನ್ನ ಮೇಲೆ ಬರೀತಾನೆ,” ಎಂದಳು.

“ತಟ್ತಾನೆ. ಎರಡು ಬೆರಳು ಅಂದ್ರೆ ಆಮೆ. ನಾನು ಓದಲ್ಲ ಮೇಡಂ, ನಾನು ತಲೆ ಬಗ್ಗಿಸ್ಕೊಂಡು ನಿಂತಿರ್ತೀನಿ, ನನಗೆ ಕಾಣೋದು ಹುಲ್ಲು. ಅವನು ಓದ್ತಾನೆ, ನಾನು ಕೂಗ್ತೀನಿ. ಅರವತ್ತೇಳನೇ ನಂಬರಿನ ಹುಡುಗನಿಗೆ ಆ ಗುಟ್ಟು ಗೊತ್ತಿರ್ಲಿಲ್ಲ.”

“ಟೆವಿನ್ ತಾನೇ ಯಾಕೆ ಕೂಗಲ್ಲ?”

ಮಿಲೋ ಒಳಗಿನ ಬಾಗಿಲ ಕಡೆ ನೋಡಿದ. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡ. ಅಷ್ಟು ದೊಡ್ಡ ದನಿಯವನು ಪಿಸುಗುಟ್ಟಿದ. “ಅವನಿಗೆ ಉಗ್ಗು ಇದೆ ಮೇಡಂ. ಸುಮ್ನೆ ಕೂತು ಮಾತಾಡಿದ್ರೆ ಅಷ್ಟು ಗೊತ್ತಾಗಲ್ಲ. ಅವಸರ ಆಯ್ತಾ, ಮೊದಲನೇ ಅಕ್ಷರದಲ್ಲೇ ಬಾಯಿ ಕಚ್ಕೊಂಡು ಬಿಡತ್ತೆ.”

ಬೆಂಚಿನ ಮೇಲೆ ವೆಂಡೆಲ್ ಕೆಮ್ಮಿದ.

ಓಡೆಟ್‌ಗೆ ಅವನ ವರದಿಯ ಸಾಲುಗಳು ನೆನಪಾದವು. ‘ಮಾತು ಕಡಿಮೆ. ಮಂಜಿನಷ್ಟು ತಣ್ಣಗಿನ ಸ್ವಭಾವ. ಏನು ಕೇಳಿದರೂ ಎದ್ದು ಬಿಳಿಹಲಗೆಯ ಮೇಲೆ ಬರೆದು ತೋರಿಸುತ್ತಾನೆ, ಹುಟ್ಟು ನಾಯಕ.’ ಹದಿನೆಂಟು ತಂಡಗಳು ಹುಡುಗನನ್ನು ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿದ್ದವು. ಹದಿನೆಂಟು ಕಡೆಯೂ ಅವನು ಪೆನ್ನು ಹಿಡಿದು ಹಲಗೆಯ ಮುಂದೆ ನಿಂತಿದ್ದ. ಎಲ್ಲರೂ ಮೆಚ್ಚಿ ತಲೆದೂಗಿದ್ದರು. ಪೆನ್ನು ಯಾಕೆ ಬೇಕು ಎಂದು ಒಬ್ಬನೂ ಕೇಳಿರಲಿಲ್ಲ.

ಕಾಲೇಜು ಆಟದಲ್ಲಿ ಇದು ದಕ್ಕುತ್ತದೆ. ಇಲ್ಲಿ ಅಂಚಿನಲ್ಲಿ ನಿಂತವರು ಚಿತ್ರದ ಫಲಕ ಎತ್ತಿ ತೋರಿಸಿದರೆ ಹನ್ನೊಂದೂ ಜನ ನೋಡಿಕೊಂಡು ಆಡುತ್ತಾರೆ. ಡ್ರೇಕ್‌ಪೋರ್ಟಿನಲ್ಲಿ ಹಾಗಲ್ಲ. ತರಬೇತುದಾರ ಹೆಲ್ಮೆಟ್ಟಿನ ಸ್ಪೀಕರಿನಿಂದ ಕಿವಿಯಲ್ಲಿ ಹೇಳಿದ ಮೊಳದುದ್ದದ ಸಾಲನ್ನು ಕ್ವಾರ್ಟರ್‌ಬ್ಯಾಕ್ ತನ್ನ ಸುತ್ತ ನಿಂತ ಹತ್ತು ಜನಕ್ಕೆ ಬಾಯಿಬಿಟ್ಟು ಹೇಳಬೇಕು. ಎಪ್ಪತ್ತು ಸಾವಿರ ಜನ ಅರಚುತ್ತಿರುವಾಗ ಎಂಟೇ ಸೆಕೆಂಡಿನಲ್ಲಿ.

ಹುಡುಗ ಮೋಸಗಾರನಲ್ಲ. ಅದು ಅವಳಿಗೆ ಸ್ಪಷ್ಟವಾಗಿತ್ತು, ಮನಸ್ಸು ಹಗುರವೂ ಆಗಿತ್ತು. ಆದರೆ ಐದು ಗಂಟೆಗೆ ಹೋಬಾರ್ಟ್ ಕೇಳುವುದು ಅದನ್ನಲ್ಲ.

“ಕಾಗದ ಬರೆದೋನು ಯಾರು ಮಿಲೋ? ಇದು ಗೊತ್ತಿರೋನು ಇನ್ಯಾರು? ನೀನೇನಾ?”

“ನಾನಾ? ನಾನು ಬರೆದಿದ್ರೆ ನನ್ನ ಕೈ—”

“ನಾ... ನಾನು.”

ಒಳಬಾಗಿಲಲ್ಲಿ ಟೆವಿನ್ ಬ್ರಾಡಾಕ್ ನಿಂತಿದ್ದ. ಎತ್ತರದ ಹುಡುಗ. ಕೈಯಲ್ಲಿ ಬಿಸಿ ಕೊಲಾಚಿಯ ತಟ್ಟೆ, ತೋಳಿನ ತುಂಬ ಹಿಟ್ಟು. ಪತ್ರಿಕೆಯವರ ಕಾಟಕ್ಕೆ ಗೆಳೆಯನ ಒಲೆಯ ಹಿಂದೆ ಅಡಗಿಕೊಂಡವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ನಿನಗೇನಾದ್ರೂ ತಲೆ ಕೆಟ್ಟಿದ್ಯಾ?” ಎಂದ ಮಿಲೋ. “ನಿನ್ನ ಮೇಲೆ ನೀನೇ ದೂರು ಬರೆಯೋದಾ?”

ಟೆವಿನ್ ತಟ್ಟೆಯನ್ನು ಮೇಜಿನ ಮೇಲಿಟ್ಟ. ಬೆನ್ನು ನೆಟ್ಟಗೆ ಮಾಡಿಕೊಂಡು ಓಡೆಟ್‌ಳನ್ನೇ ನೋಡಿದ. ಒಂದೊಂದು ಮಾತಿಗೂ ಅವನು ಕಾದ. ಕಾಯುವುದರಲ್ಲಿ ಅವನಿಗೆ ಅಭ್ಯಾಸವಿದ್ದಂತಿತ್ತು.

“ನಾಳೆ ಅಲ್ಲಿ ಬಂದು ಸಿಕ್ಕಿಬೀಳೋದಕ್ಕಿಂತ... ಇವತ್ತೇ ಗೊತ್ತಾಗ್ಲಿ ಅಂತ. ಗೊತ್ತಿದ್ದೂ ನನ್ನ ತಗೊಂಡ್ರೆ ಬ... ಬರ್ತೀನಿ. ನನಗೆ ಕಲಿಯೋಕಾಗತ್ತೆ. ದಿನಾ ಕಲೀತಿದ್ದೀನಿ. ಗೊತ್ತಿಲ್ದೆ ತಗೊಳ್ಳೋದು ಬೇಡ ಮೇಡಂ.”

ಇಂಥವನಿಗೆ ಕಪ್ಪು ಚುಕ್ಕಿ ಇಡಲು ತಾನು ಬೆಳಗ್ಗೆಯಿಂದ ಶಾಯಿ ಕದಡುತ್ತಿದ್ದೆನಲ್ಲ ಎಂದು ಓಡೆಟ್‌ಗೆ ಸಂಕಟವಾಯಿತು.

“ಹಾಗಿದ್ರೆ ಹೆಸರು ಯಾಕೆ ಹಾಕ್ಲಿಲ್ಲಪ್ಪ?” ಎಂದು ಮೆತ್ತಗೆ ಕೇಳಿದಳು. “ಹೆಸರಿಲ್ಲದ ಕಾಗದ ಕಂಡ್ರೆ ನಮ್ಮ ಕಚೇರಿ ಏನು ಮಾಡತ್ತೆ ಗೊತ್ತಲ್ಲ? ನಿನ್ನ ಹಿಂದೆ ನನ್ನ ಬಿಟ್ರು.”

ಟೆವಿನ್ ಮೊದಲ ಸಲ ನಕ್ಕ. “ಮೊದಲನೇ ಎರಡಕ್ಕೆ ಹೆಸರು ಹಾಕಿದ್ದೆ. ಫೆಬ್ರವರೀಲಿ ಒಂದು, ಮಾ... ಮಾರ್ಚಲ್ಲಿ ಒಂದು. ಎಲ್ಲಾ ಬಿಡಿಸಿ ಬರೆದಿದ್ದೆ. ಯಾರೂ ಉತ್ತರ ಕೊಡ್ಲಿಲ್ಲ. ಮೂರನೇದಕ್ಕೆ ಹೆಸರು ತೆಗೆದೆ, ಆರೇ ದಿನದಲ್ಲಿ ನೀವು ಬಂದ್ರಿ.”

ಓಡೆಟ್ ನಗಲಿಲ್ಲ. ಅವಳಿಗೆ ಬಂದದ್ದು ಒಂದೇ ಕಾಗದ.

“ಆ ಎರಡು ಯಾರಿಗೆ ಕಳ್ಸಿದೆ?”

ಟೆವಿನ್ ಬಾಯಿ ತೆರೆದ. ಮೊದಲ ಅಕ್ಷರ ತುಟಿಗೆ ಬಂದು ಅಲ್ಲೇ ನಿಂತಿತು. ಕತ್ತಿನ ನರ ಬಿಗಿಯಿತು. ಬೇರೆ ಮಾತಾದರೆ ಸುತ್ತುಬಳಸಿ ಹೇಳಿಕೊಳ್ಳಬಹುದು, ಜನರ ಹೆಸರಿಗೆ ಬದಲಿ ಹೆಸರಿಲ್ಲ. ನೋಡಲಾರದೆ ಮಿಲೋ ತಾನೇ ಹೇಳಲು ಬಾಯಿ ತೆರೆದ. ಟೆವಿನ್ ಕೈಯೆತ್ತಿ ತಡೆದ. ಇದನ್ನು ಅವನೇ ಹೇಳಬೇಕಿತ್ತು.

ಒಲೆಯ ಗಡಿಯಾರ ಟಿಕ್ ಎಂದಿತು. ಓಡೆಟ್ ಕಾದಳು.

“ವೆ... ವೆ... ವೆಂಡೆಲ್ ಗ್ರೋವ್.”

ಓಡೆಟ್ ತಿರುಗಿದಳು. ವೆಂಡೆಲ್ ಬೆಂಚಿನಿಂದ ಎದ್ದಿರಲಿಲ್ಲ. ಮುಖದಲ್ಲಿ ಗಾಬರಿಯೂ ಇರಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

“ಹೌದು, ಬಂತು,” ಎಂದ. “ಎರಡನ್ನೂ ಓದಿದೆ. ಒಂದಲ್ಲ, ಹತ್ತು ಸಲ ಓದಿದೆ. ಓದಿದ ಮೇಲೇ ಏಳೂ ನಾಲ್ಕು ಹಾಕಿದ್ದು. ಆಫೀಸಿಗೆ ಕೊಟ್ಟಿದ್ರೆ ಆ ಮೂಢರು ಅವತ್ತೇ ಕಾರ್ಡು ಇಳಿಸ್ತಿದ್ರು. ಇಂಥ ಹುಡುಗ ನನಗೆ ಮೂವತ್ನಾಲ್ಕು ವರ್ಷದಲ್ಲಿ ಒಬ್ಬನೇ ಸಿಕ್ಕಿದ್ದು, ಪ್ರುಯಿಟ್. ಮುಚ್ಚಿಟ್ಟೆ. ಏನು ಬೇಕಾದ್ರೂ ಮಾಡ್ಕೊ.”

ಟೆವಿನ್‌ನ ಕಣ್ಣು ತುಂಬಿತು. ಓಡೆಟ್ ಆ ಮುದುಕನನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ನಿಂತಿದ್ದಾಗ ಅವಳ ಫೋನು ಹೊಡೆದುಕೊಂಡಿತು.

ಹೋಬಾರ್ಟ್. ಇನ್ನೂ ಐದಾಗಿರಲಿಲ್ಲ.

“ಪ್ರುಯಿಟ್, ಮಾಲೀಕರು ಬಂದು ಕೂತಿದ್ದಾರೆ, ಈಗಲೇ ಹೇಳು ಅಂತಿದ್ದಾರೆ. ಕಾರ್ಡಿನ ಮಾತು ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು. ವೆಂಡೆಲ್ ನಿನ್ನ ಪಕ್ಕ ಇದ್ದಾನಾ?”

“ಇದ್ದಾರೆ.”

“ಹಾಗಾದ್ರೆ ಹೂಂ, ಊಹೂಂ ಅಷ್ಟೇ ಅನ್ನು. ಹುಡುಗನ ಕಡತ ಬೇಕು ಅಂತ ಅವನ ಮೇಜಿನ ಡ್ರಾಯರ್ ತೆಗೆಸ್ದೆ. ತಳದಲ್ಲಿ ಎರಡು ಲಕೋಟೆ ಇವೆ, ಬ್ರೆನ್ನೆಕ್ ಅಂಚೆ ಮುದ್ರೆ. ಹಿಂದೆ ಆ ಹುಡುಗನ ಹೆಸರೇ ಇದೆ, ಟೆವಿನ್ ಬ್ರಾಡಾಕ್ ಅಂತ. ನಿನಗೇನಾದ್ರೂ ಗೊತ್ತಾ?”

“ಹೂಂ,” ಎಂದಳು ಓಡೆಟ್. “ಓದಿದ್ರಾ?”

“ಎಲ್ಲಿ ಓದ್ಲಿ? ನಿನ್ನ ಕೇಳಿ ಒಡೆಯೋಣ ಅಂತ ಕೈಯಲ್ಲಿ ಹಿಡ್ಕೊಂಡಿದ್ದೀನಿ,” ಎಂದ ಹೋಬಾರ್ಟ್. “ಎರಡೂ ಅಂಟಿಸಿದ ಹಾಗೇ ಇವೆ. ಯಾರೂ ತೆಗೆದೇ ಇಲ್ಲ.”